ಬೆಂಕಿ ಕಂಡ ಮೇಲೆ ಮಾಡುವುದೇನು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಗಾದೆ ಹುಟ್ಟಿದ ಕಾಲದಲ್ಲಿ ಬೆಂಕಿಯನ್ನು ಕಣ್ಣು ಕಾಣುತ್ತಿತ್ತು, ಮೂಗು ಹೊಗೆಯ ವಾಸನೆ ಹಿಡಿಯುತ್ತಿತ್ತು, ಬೊಬ್ಬೆ ಕೇಳಿದ ನೆರೆಹೊರೆಯವರು ಕೊಡ ಹಿಡಿದು ಓಡಿಬರುತ್ತಿದ್ದರು. ಇಂದು ಬಹುಮಹಡಿ ಕಟ್ಟಡಗಳಲ್ಲಿ ಈ ಕೆಲಸವನ್ನೆಲ್ಲ ಯಂತ್ರಕ್ಕೆ ವಹಿಸಿದ್ದೇವೆ. ಆಸ್ಪತ್ರೆ, ಕಚೇರಿ, ಹೋಟೆಲು, ಚಿತ್ರಮಂದಿರಗಳಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಗೆ ಬೋರಲು ಹಾಕಿದ ಬಟ್ಟಲಿನಂಥ ಬಿಳಿಯ ಸಾಧನ ಕಾಣುತ್ತದೆ. ಅದು ಹೊಗೆಯನ್ನು ಗುರುತಿಸುವ ಶೋಧಕ. ಅದು ಇದೆಯೆಂದರೆ ನಾವು ಕ್ಷೇಮ ಎಂದು ಭಾವಿಸುತ್ತೇವೆ.

ಸರಿ, ಶೋಧಕ ಹೊಗೆಯನ್ನು ಗುರುತಿಸಿತು ಎನ್ನೋಣ. ಮುಂದೇನು? ಯಾವ ಗಂಟೆ ಬಾರಿಸಬೇಕು, ಒಂದು ಮಹಡಿಯದೋ ಎಲ್ಲ ಮಹಡಿಗಳದೋ? ಲಿಫ್ಟು ಎಲ್ಲಿಗೆ ಹೋಗಬೇಕು? ಹವಾನಿಯಂತ್ರಣದ ಗಾಳಿಯಂತ್ರ ನಡೆಯಬೇಕೋ ನಿಲ್ಲಬೇಕೋ? ವಿದ್ಯುತ್ ಬೀಗ ಹಾಕಿದ ಬಾಗಿಲು ಬಿಚ್ಚಿಕೊಳ್ಳಬೇಕೋ ಬೇಡವೋ? ಇವುಗಳಿಗೆ ಶೋಧಕದ ಬಳಿ ಉತ್ತರವಿಲ್ಲ. ಬೆಂಕಿ ಬೀಳುವ ಎಷ್ಟೋ ದಿನ ಮೊದಲೇ ಯಾರೋ ಒಬ್ಬರು ಕುಳಿತು ಯೋಚಿಸಿ ಈ ಉತ್ತರಗಳನ್ನು ಬರೆದಿಟ್ಟಿರಬೇಕು. ಹೀಗೆ ಬರೆದಿಡುವುದಕ್ಕೆ ತಂತ್ರಜ್ಞರು ಔಟ್‌ಪುಟ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಹೊರಗೆ ಹೋಗುವ ಆದೇಶಗಳ ಯೋಜನೆ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಹೆಸರು ಹೊಸದು, ಕೆಲಸ ಹಳೆಯದು. ಇದಕ್ಕೆ ನೂರ ಎಪ್ಪತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯ ಬಹಳಷ್ಟು ಪಾಠಗಳನ್ನು ಮನುಷ್ಯ ಪ್ರಾಣ ತೆತ್ತು ಕಲಿತಿದ್ದಾನೆ.

ವೈದ್ಯನೊಬ್ಬನ ಕಲ್ಪನೆ

ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಚಾನಿಂಗ್ ಎಂಬಾತನಿದ್ದ. ಓದಿದ್ದು ವೈದ್ಯಶಾಸ್ತ್ರ, ಒಲವು ವಿದ್ಯುತ್ತಿನ ಕಡೆಗೆ. 1844ರಲ್ಲಿ ಮೋರ್ಸನ ತಂತಿ ವಾಷಿಂಗ್‌ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ಸಂದೇಶ ಒಯ್ದಿತು. ಮರುವರ್ಷವೇ ಚಾನಿಂಗ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಇದೇ ತಂತಿಯಿಂದ ಬೆಂಕಿಯ ಸುದ್ದಿಯನ್ನು ಊರಿಗೆ ಮುಟ್ಟಿಸಬಹುದೆಂದು ಸೂಚಿಸಿದ. ಮೋಸೆಸ್ ಫಾರ್ಮರ್ ಎಂಬ ತಂತ್ರಜ್ಞ ಆತನ ಜೊತೆಗೂಡಿದ. 1851ರಲ್ಲಿ ನಗರಾಡಳಿತ ಇದಕ್ಕಾಗಿ 10,000 ಡಾಲರ್ ಮಂಜೂರು ಮಾಡಿತು. 1852ರ ಏಪ್ರಿಲ್ 28ರಂದು ವಿದ್ಯುತ್ ತಂತಿಯ ಅಗ್ನಿ ಎಚ್ಚರಿಕೆ ವ್ಯವಸ್ಥೆ ಬಾಸ್ಟನ್ನಿನಲ್ಲಿ ಕೆಲಸ ಆರಂಭಿಸಿತು. ಒಂದು ನಗರಕ್ಕೆ ಇಂಥ ವ್ಯವಸ್ಥೆ ದೊರೆತದ್ದು ಜಗತ್ತಿನಲ್ಲಿ ಅದೇ ಮೊದಲು.

ಆ ವ್ಯವಸ್ಥೆಯ ರಚನೆಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಅದರಲ್ಲಿ ಎರಡು ಬಗೆಯ ತಂತಿಜಾಲಗಳಿದ್ದವು. ಬೀದಿಬೀದಿಯಲ್ಲಿ ನಿಲ್ಲಿಸಿದ್ದ ಸುಮಾರು 40 ಪೆಟ್ಟಿಗೆಗಳಿಂದ ಒಂದು ಜಾಲ ಕೇಂದ್ರಕ್ಕೆ ಸುದ್ದಿ ತರುತ್ತಿತ್ತು. ಇನ್ನೊಂದು ಜಾಲ ಕೇಂದ್ರದಿಂದ ಗೋಪುರಗಳ ಗಂಟೆಗಳಿಗೆ ಆದೇಶ ಒಯ್ಯುತ್ತಿತ್ತು. ಎರಡರ ನಡುವೆ ಒಬ್ಬ ಮನುಷ್ಯ ಕುಳಿತಿದ್ದ. ಬಂದ ಸುದ್ದಿಯನ್ನು ಓದಿ, ಗಂಟೆಗಳಲ್ಲಿ ಯಾವ ಸಂಖ್ಯೆಯನ್ನು ಬಾರಿಸಬೇಕೆಂದು ತೀರ್ಮಾನಿಸುವುದು ಆತನ ಕೆಲಸ.

ಚಾನಿಂಗ್ ಇದನ್ನು ವೈದ್ಯನಿಗೆ ಸಹಜವಾದ ರೀತಿಯಲ್ಲೇ ವಿವರಿಸಿದ. ನಮ್ಮ ದೇಹದಲ್ಲಿ ಎರಡು ಬಗೆಯ ನರಗಳಿವೆ. ಕೈ ಬಿಸಿ ಪಾತ್ರೆಗೆ ತಾಗಿದರೆ ಆ ಸುದ್ದಿಯನ್ನು ಒಳಕ್ಕೆ ಒಯ್ಯುವುದು ಸಂವೇದನೆಯ ನರ. ಕೈಯನ್ನು ಹಿಂದಕ್ಕೆ ಸೆಳೆದುಕೊ ಎಂಬ ಆದೇಶವನ್ನು ಸ್ನಾಯುವಿಗೆ ತರುವುದು ಚಾಲಕ ನರ. ನಗರಕ್ಕೂ ಇಂಥದೇ ನರಮಂಡಲ ಬೇಕು ಎಂಬುದು ಆತನ ವಾದ. ಬಿಸಿ ತಿಳಿಯುವುದು ಬೇರೆ, ಕೈ ಸೆಳೆದುಕೊಳ್ಳುವುದು ಬೇರೆ. ಮುಂದಿನ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ನೆನಪಿನಲ್ಲಿದ್ದರೆ ಸಾಕು.

ಮೊದಲ ಸಂಕೇತ ಬಂದದ್ದು ಮರುದಿನವೇ, ಏಪ್ರಿಲ್ 29ರ ರಾತ್ರಿ. ಆ ಕಾಲದ ಪೆಟ್ಟಿಗೆಯಲ್ಲಿ ಒಂದು ಹಿಡಿಕೆ ಇರುತ್ತಿತ್ತು. ಅದನ್ನು ನಿಧಾನವಾಗಿ ತಿರುಗಿಸಿದರೆ ಪೆಟ್ಟಿಗೆಯ ಸಂಖ್ಯೆ ತಂತಿಯಲ್ಲಿ ಸಾಗುತ್ತಿತ್ತು. ಬೆಂಕಿ ಕಂಡವನಿಗೆ ನಿಧಾನವೆಲ್ಲಿಯದು? ಗಾಬರಿಯಲ್ಲಿ ಆತ ಹಿಡಿಕೆಯನ್ನು ಗಿರಗಿರನೆ ತಿರುಗಿಸಿಬಿಟ್ಟ. ಕೇಂದ್ರದಲ್ಲಿದ್ದವನಿಗೆ ಏನೂ ಅರ್ಥವಾಗಲಿಲ್ಲ. ಕೊನೆಗೆ ಆತನೇ ಕೇಂದ್ರಕ್ಕೆ ಹೋಗಿ ಬಾಯಿಮಾತಿನಲ್ಲಿ ಸುದ್ದಿ ತಿಳಿಸಬೇಕಾಯಿತು! ಗಾಬರಿಗೊಂಡ ಮನುಷ್ಯನಿಂದ ಜಾಣತನವನ್ನು ನಿರೀಕ್ಷಿಸಬಾರದು ಎಂಬ ಮೊದಲ ಪಾಠ ಹೀಗೆ ದೊರೆಯಿತು. ಮುಂದೆ ಜಾನ್ ಗೇಮ್‌ವೆಲ್ ಎಂಬ ಉದ್ಯಮಿ ಚಾನಿಂಗ್ ಮತ್ತು ಫಾರ್ಮರ್ ಅವರ ಹಕ್ಕುಪತ್ರಗಳನ್ನು ಕೊಂಡು ಈ ವ್ಯವಸ್ಥೆಯನ್ನು ಊರೂರಿಗೆ ಹರಡಿದ. ಸುಧಾರಿಸಿದ ಪೆಟ್ಟಿಗೆಗಳಲ್ಲಿ ಕೊಕ್ಕೆಯನ್ನು ಒಮ್ಮೆ ಎಳೆದರೆ ಸಾಕು, ಸ್ಪ್ರಿಂಗಿನ ಬಲದಿಂದ ಹಲ್ಲಿನ ಚಕ್ರ ತನ್ನದೇ ವೇಗದಲ್ಲಿ ತಿರುಗುತ್ತಿತ್ತು. 52ನೆಯ ಪೆಟ್ಟಿಗೆಯಾದರೆ ಐದು ಬಡಿತ, ಒಂದು ವಿರಾಮ, ಮತ್ತೆ ಎರಡು ಬಡಿತ.

ಅಗ್ನಿಶಾಮಕ ಠಾಣೆಗಳಲ್ಲಿ ಒಂದು ಪಟ್ಟಿ ಇರುತ್ತಿತ್ತು. ಇಂಥ ಸಂಖ್ಯೆಯ ಪೆಟ್ಟಿಗೆಯಿಂದ ಕರೆ ಬಂದರೆ ಇಂಥ ನೀರಿನ ಯಂತ್ರ, ಇಂಥ ಏಣಿಗಾಡಿ ಹೊರಡಬೇಕು. ಎರಡನೆಯ ಕರೆ ಬಂದರೆ ಇನ್ನಿಂಥವು ಸೇರಿಕೊಳ್ಳಬೇಕು ಎಂದು ಅದರಲ್ಲಿ ಮೊದಲೇ ಬರೆದಿರುತ್ತಿತ್ತು. ಕರೆ ಬಂದ ಮೇಲೆ ಚರ್ಚೆಗೆ ಅವಕಾಶವಿಲ್ಲ. ಇಂದಿನ ಕಂಪ್ಯೂಟರ್ ಕೋಷ್ಟಕಕ್ಕೆ ಈ ಪಟ್ಟಿಯನ್ನೇ ಅಜ್ಜ ಎನ್ನಬಹುದು.

ಎಷ್ಟೇ ಒಳ್ಳೆಯ ಪಟ್ಟಿಯಿದ್ದರೂ ಅದನ್ನು ನಡೆಸುವ ಕೈಕಾಲು ಬೇಕು. 1872ರ ನವೆಂಬರ್ 9ರ ಸಂಜೆ ಇದೇ ಬಾಸ್ಟನ್ನಿನಲ್ಲಿ ಮಹಾ ಅಗ್ನಿ ದುರಂತ ನಡೆಯಿತು. ಹುಡುಗಾಟದ ಕರೆಗಳನ್ನು ತಡೆಯಲು ಪೆಟ್ಟಿಗೆಗಳಿಗೆ ಬೀಗ ಹಾಕಿ, ಬೀಗದ ಕೈಯನ್ನು ಪೊಲೀಸರ ಮತ್ತು ಕೆಲವೇ ನಾಗರಿಕರ ಬಳಿ ಇಡಲಾಗಿತ್ತು. 52ನೆಯ ಪೆಟ್ಟಿಗೆಯಿಂದ ಕರೆ ಹೋಗುವಷ್ಟರಲ್ಲಿ ಕಟ್ಟಡ ಹೊತ್ತಿ ಉರಿಯುತ್ತಿತ್ತು. ಸಾಲದ್ದಕ್ಕೆ ಆ ದಿನಗಳಲ್ಲಿ ಕುದುರೆಗಳಿಗೆ ಸಾಂಕ್ರಾಮಿಕ ರೋಗ ತಗುಲಿ, ಭಾರವಾದ ಯಂತ್ರಗಳನ್ನು ಮನುಷ್ಯರೇ ಎಳೆಯಬೇಕಾಗಿ ಬಂತು. ನಗರದ ಹೃದಯಭಾಗದಲ್ಲಿ 776 ಕಟ್ಟಡಗಳು ಸುಟ್ಟುಹೋದವು.

ಒಂಬತ್ತನೆಯ ಮಹಡಿಗೆ ಯಾರೂ ಹೇಳಲಿಲ್ಲ

ಬೀದಿಯ ಎಚ್ಚರಿಕೆ ವ್ಯವಸ್ಥೆ ಸುಧಾರಿಸಿತಾದರೂ ಕಟ್ಟಡದ ಒಳಗಿನದು ಹಿಂದೆಯೇ ಉಳಿಯಿತು. ನ್ಯೂಯಾರ್ಕಿನ ಹತ್ತು ಮಹಡಿಗಳ ಆಶ್ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಹೆಸರಿನ ಸಿದ್ಧ ಉಡುಪಿನ ಕಾರ್ಖಾನೆಯಿತ್ತು. 1911ರ ಮಾರ್ಚ್ 25, ಶನಿವಾರ, ಕೆಲಸ ಮುಗಿಯುವ ಹೊತ್ತಿಗೆ ಎಂಟನೆಯ ಮಹಡಿಯಲ್ಲಿ ಬೆಂಕಿ ಹುಟ್ಟಿತು. ಅಲ್ಲಿಂದ ಹತ್ತನೆಯ ಮಹಡಿಯ ಕಚೇರಿಗೆ ದೂರವಾಣಿಯಲ್ಲಿ ಸುದ್ದಿ ಹೋಯಿತು. ಅಲ್ಲಿದ್ದವರಲ್ಲಿ ಬಹುತೇಕ ಎಲ್ಲರೂ ಚಾವಣಿಯ ಮೂಲಕ ಪಾರಾದರು. ಎಂಟನೆಯ ಮಹಡಿಯವರಿಗೆ ಬೆಂಕಿ ಕಣ್ಣಿಗೇ ಕಂಡಿತ್ತು, ಹೆಚ್ಚಿನವರು ಇಳಿದು ಹೋದರು. ನಡುವಿನ ಒಂಬತ್ತನೆಯ ಮಹಡಿಗೆ ಮಾತ್ರ ಸುದ್ದಿ ಹೋಗಲಿಲ್ಲ. ಅಲ್ಲಿ ಬಾರಿಸಲು ಗಂಟೆಯೇ ಇರಲಿಲ್ಲ. ಬೆಂಕಿಯೇ ಒಳನುಗ್ಗಿ ಬಂದಾಗ ಅವರಿಗೆ ವಿಷಯ ತಿಳಿದದ್ದು. ಒಂದು ಮೆಟ್ಟಿಲ ದಾರಿಯ ಬಾಗಿಲಿಗೆ ಬೀಗ ಹಾಕಿತ್ತು. ಅಂದು ಸತ್ತವರು 146 ಮಂದಿ. ಹೆಚ್ಚಿನವರು ವಲಸೆ ಬಂದ ಬಡ ಕುಟುಂಬಗಳ ಎಳೆಯ ವಯಸ್ಸಿನ ಹೆಣ್ಣುಮಕ್ಕಳು.

ಚಾನಿಂಗನ ಮಾತಿನಲ್ಲಿ ಹೇಳುವುದಾದರೆ, ಕಟ್ಟಡಕ್ಕೆ ಬಿಸಿ ತಾಗಿದ್ದು ತಿಳಿದಿತ್ತು, ಚಾಲಕ ನರ ಮಾತ್ರ ಒಂದು ಮಹಡಿಯನ್ನು ಮುಟ್ಟಲಿಲ್ಲ. ಯಾವ ಸುದ್ದಿ ಯಾರಿಗೆ ಹೋಗಬೇಕೆಂಬುದನ್ನು ಯಾರೂ ಮೊದಲೇ ಗೊತ್ತು ಮಾಡಿರಲಿಲ್ಲ.

ಕಣ್ಣು ಚುರುಕಾಯಿತು, ಕೈ?

ಇಪ್ಪತ್ತನೆಯ ಶತಮಾನದಲ್ಲಿ ತಂತ್ರಜ್ಞರ ಗಮನವೆಲ್ಲ ಶೋಧಕದ ಮೇಲೆ ಹರಿಯಿತು. 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಡಾರ್ಬಿ ಶಾಖವನ್ನು ಗುರುತಿಸುವ ಸಾಧನಕ್ಕೆ ಹಕ್ಕುಪತ್ರ ಪಡೆದ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆ ಮಾಡುವ ಉಪಕರಣಕ್ಕಾಗಿ ಪ್ರಯೋಗ ನಡೆಸುತ್ತಿದ್ದ. ಉಪಕರಣ ಅನಿಲಕ್ಕೆ ಜಗ್ಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದಾಗ ಮಾಪಕದ ಮುಳ್ಳು ಅಲುಗಿತು! ಹೊಗೆ ಶೋಧಕದ ಬೆಳವಣಿಗೆಗೆ ಈ ಆಕಸ್ಮಿಕವೇ ದಾರಿ ತೋರಿತು.

ಆದೇಶದ ಕಡೆಯ ಕೆಲಸವನ್ನು ಬಹುಕಾಲ ರಿಲೇಗಳು ನಿರ್ವಹಿಸಿದವು. ರಿಲೇ ಎಂದರೆ ಸಣ್ಣ ವಿದ್ಯುತ್ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆರಂಭಿಸುವ ಅಥವಾ ನಿಲ್ಲಿಸುವ ವಿದ್ಯುತ್ಕಾಂತದ ಸ್ವಿಚ್ಚು. ಯಾವ ಶೋಧಕದ ತಂತಿ ಯಾವ ರಿಲೇಗೆ, ಯಾವ ರಿಲೇಯ ತಂತಿ ಯಾವ ಗಂಟೆಗೆ ಎಂಬ ಜೋಡಣೆಯೇ ಆಗಿನ ಪ್ರೋಗ್ರಾಂ. ಅದನ್ನು ಬರೆಯುವ ಲೇಖನಿ ಸ್ಕ್ರೂಡ್ರೈವರ್. ಒಂದು ಆದೇಶ ಬದಲಿಸಬೇಕಾದರೆ ತಂತಿಯನ್ನೇ ಬಿಚ್ಚಿ ಬೇರೆಡೆ ಕಟ್ಟಬೇಕಾಗಿತ್ತು. ಹೀಗಾಗಿ ಗಂಟೆ ಬಾರಿಸುವುದಕ್ಕಿಂತ ಹೆಚ್ಚಿನದನ್ನು ಅನೇಕ ಕಟ್ಟಡಗಳಲ್ಲಿ ನಿರೀಕ್ಷಿಸುವಂತಿರಲಿಲ್ಲ.

ಇಷ್ಟರಲ್ಲಿ ಕಟ್ಟಡಗಳು ಮುಗಿಲಿಗೆ ಬೆಳೆದವು. ಲಿಫ್ಟು, ಹವಾನಿಯಂತ್ರಣ, ತಾನಾಗಿ ಮುಚ್ಚುವ ಬಾಗಿಲುಗಳು ಬಂದವು. ಬೆಂಕಿಯ ಹೊತ್ತಿನಲ್ಲಿ ಇವೂ ಆದೇಶಕ್ಕಾಗಿ ಕಾಯುತ್ತವೆ. ಆದೇಶ ಬಾರದಿದ್ದರೆ ಎಂದಿನಂತೆಯೇ ನಡೆದುಕೊಳ್ಳುತ್ತವೆ. ಎಂದಿನಂತೆ ನಡೆಯುವುದೇ ಆಗ ಪ್ರಾಣಕ್ಕೆ ಮುಳುವು.

1970ರ ಆಗಸ್ಟ್ 5ರಂದು ನ್ಯೂಯಾರ್ಕಿನ ಒನ್ ನ್ಯೂಯಾರ್ಕ್ ಪ್ಲಾಜಾ ಎಂಬ ಗಗನಚುಂಬಿಯ 33ನೆಯ ಮಹಡಿಯಲ್ಲಿ ಬೆಂಕಿ ಬಿತ್ತು. ಅಲ್ಲಿನ ಲಿಫ್ಟಿನ ಗುಂಡಿಗಳು ಬೆರಳಿನ ಶಾಖಕ್ಕೆ ಸ್ಪಂದಿಸುವಂಥವು. ಬೆಂಕಿಯ ಶಾಖವನ್ನೂ ಅವು ಬೆರಳೆಂದೇ ತಿಳಿದವು. ಲಿಫ್ಟು ಆ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಒಳಗಿದ್ದವರಲ್ಲಿ ಇಬ್ಬರು ಸತ್ತರು. ನ್ಯೂಯಾರ್ಕ್ ನಗರ 1973ರಲ್ಲಿ ಎತ್ತರದ ಕಚೇರಿ ಕಟ್ಟಡಗಳಿಗಾಗಿ ಹೊಸ ಕಾನೂನು ತಂದಿತು. ಬೆಂಕಿಯ ಸುಳಿವು ಸಿಕ್ಕೊಡನೆ ಲಿಫ್ಟು ಯಾರ ಕರೆಗೂ ಓಗೊಡದೆ ನೇರವಾಗಿ ನೆಲಮಹಡಿಗೆ ಬಂದು ನಿಲ್ಲಬೇಕೆಂಬ ನಿಯಮ ಕ್ರಮೇಣ ರೂಢಿಗೆ ಬಂತು.

ಹತ್ತು ವರ್ಷಗಳ ನಂತರ, 1980ರ ನವೆಂಬರ್ 21ರ ಬೆಳಗ್ಗೆ, ಲಾಸ್ ವೇಗಸ್ಸಿನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಕೆಳಮಹಡಿಯಲ್ಲಿ ಬೆಂಕಿ ಹುಟ್ಟಿತು. 85 ಮಂದಿ ಸತ್ತರು. ಬಹುಪಾಲು ಸಾವು ಸಂಭವಿಸಿದ್ದು ಬೆಂಕಿಯ ಬಳಿಯಲ್ಲಲ್ಲ, ಜ್ವಾಲೆ ತಲಪದೇ ಇದ್ದ ಮೇಲಿನ ಮಹಡಿಗಳಲ್ಲಿ, ಹೊಗೆಯಿಂದ. ಲಿಫ್ಟಿನ ಬಾವಿಗಳು, ಮೆಟ್ಟಿಲ ದಾರಿಗಳು ಮತ್ತು ಗಾಳಿಯ ಕೊಳವೆಗಳು ಹೊಗೆಯನ್ನು ಮೇಲಕ್ಕೆ ಒಯ್ದವು. ಹೊಗೆ ಕಂಡೊಡನೆ ಗಾಳಿಯಂತ್ರಗಳು ತಾವಾಗಿ ನಿಲ್ಲುವ ಏರ್ಪಾಡು ಇರಲಿಲ್ಲ. ಮಲಗಿದ್ದ ಅತಿಥಿಗಳಿಗೆ ಎಚ್ಚರಿಕೆಯ ಗಂಟೆಯೂ ಕೇಳಿಸಲಿಲ್ಲ.

ಆದೇಶವೇ ಬಾರದಿರುವುದು ಒಂದು ಬಗೆಯಾದರೆ, ತಪ್ಪು ಆದೇಶ ಬರುವುದು ಇನ್ನೊಂದು ಬಗೆ. 1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಬೆಂಕಿ ಬಿದ್ದಾಗ ಧ್ವನಿವರ್ಧಕದ ಪ್ರಕಟಣೆ ಜನರನ್ನು ಬೆಂಕಿಯಿದ್ದ ಕಡೆಗೇ ಹೋಗುವಂತೆ ಸೂಚಿಸಿತು. ಲಿಫ್ಟುಗಳು ಕೆಲವರನ್ನು ನೇರವಾಗಿ ಹೊಗೆಯೊಳಕ್ಕೆ ಇಳಿಸಿದವು. ಅಂದು 17 ಮಂದಿ ಸತ್ತರು. ನ್ಯೂಯಾರ್ಕಿನಲ್ಲಿ ಕಲಿತ ಪಾಠಕ್ಕೆ ಅಷ್ಟರಲ್ಲಿ ಇಪ್ಪತ್ತಾರು ವರ್ಷ ತುಂಬುತ್ತ ಬಂದಿತ್ತು.

ಒಂದು ಕೋಷ್ಟಕದ ಕಥೆ

1980ರ ದಶಕದಲ್ಲಿ ಮೈಕ್ರೊಪ್ರೊಸೆಸರು ಅಗ್ನಿ ಎಚ್ಚರಿಕೆಯ ಪ್ಯಾನಲನ್ನು ಪ್ರವೇಶಿಸಿತು. ಅಲ್ಲಿಯವರೆಗೆ ಪ್ಯಾನಲ್ ಹೇಳಬಲ್ಲದ್ದು ಮೂರನೆಯ ಮಹಡಿಯ ಪೂರ್ವಭಾಗ ಎಂಬಷ್ಟನ್ನೇ. ಈಗ ಒಂದೊಂದು ಶೋಧಕಕ್ಕೂ ಒಂದೊಂದು ವಿಳಾಸ ಸಂಖ್ಯೆ ಬಂತು. ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಪ್ಯಾನಲ್ ಪ್ರತಿಯೊಂದನ್ನೂ ಸರದಿಯಂತೆ ವಿಚಾರಿಸುತ್ತದೆ. ಗೇಮ್‌ವೆಲ್‌ನ ಪೆಟ್ಟಿಗೆ ಸಂಖ್ಯೆ ಒಂದು ಶತಮಾನದ ಮೇಲೆ ಬೀದಿಯಿಂದ ಕೋಣೆಯೊಳಕ್ಕೆ ಬಂದು ಸೇರಿತು ಎನ್ನಬಹುದು. ರಿಲೇಗಳ ಜೋಡಣೆಯ ಸ್ಥಾನಕ್ಕೆ ಪ್ಯಾನಲಿನ ಸ್ಮರಣೆಯಲ್ಲಿರುವ ಕೋಷ್ಟಕ ಬಂತು. ತಂತಿ ಮುಟ್ಟದೆಯೇ ಆದೇಶ ಬದಲಿಸುವುದು ಸಾಧ್ಯವಾಯಿತು.

ಈ ಕೋಷ್ಟಕ ಹೇಗಿರುತ್ತದೆ? ಎಡಗಡೆ ಕೆಳಕೆಳಗೆ ಶೋಧಕಗಳ ಹೆಸರು. ಮೇಲ್ಗಡೆ ಅಡ್ಡಸಾಲಿನಲ್ಲಿ ಗಂಟೆ, ಲಿಫ್ಟು, ಗಾಳಿಯಂತ್ರ, ಬಾಗಿಲು ಮುಂತಾದವು. ಯಾವುದಕ್ಕೆ ಯಾವುದು ಸ್ಪಂದಿಸಬೇಕೋ ಆ ಮನೆಯಲ್ಲಿ ಒಂದು ಗುರುತು. ಐದು ಮಹಡಿಗಳ ಆಸ್ಪತ್ರೆಯೊಂದನ್ನು ಊಹಿಸಿಕೊಳ್ಳೋಣ. ಮೂರನೆಯ ಮಹಡಿಯ ಓಣಿಯಲ್ಲಿ ಹೊಗೆ ಕಂಡರೆ ಆ ಮಹಡಿಯ ಮತ್ತು ಅದರ ಮೇಲಿನ ಮಹಡಿಯ ಗಂಟೆಗಳು ಮೊದಲು ಬಾರಿಸಬೇಕು. ಉಳಿದೆಡೆ ಸಿಬ್ಬಂದಿಗೆ ಮುನ್ಸೂಚನೆ ಸಾಕು. ಎಲ್ಲರೂ ಒಮ್ಮೆಲೇ ಮೆಟ್ಟಿಲಿಗೆ ನುಗ್ಗಿದರೆ ರೋಗಿಗಳನ್ನು ಹೊತ್ತು ತರುವವರಿಗೆ ದಾರಿ ಸಿಗದು. ಗಾಳಿಯಂತ್ರ ನಿಲ್ಲಬೇಕು. ಆದರೆ ಮೆಟ್ಟಿಲ ದಾರಿಗೆ ಶುದ್ಧ ಗಾಳಿ ತುಂಬುವ ಯಂತ್ರವಿದ್ದರೆ ಅದು ಆರಂಭವಾಗಬೇಕು. ಅಯಸ್ಕಾಂತ ಹಿಡಿದಿಟ್ಟಿರುವ ಹೊಗೆತಡೆ ಬಾಗಿಲುಗಳು ಮುಚ್ಚಿಕೊಳ್ಳಬೇಕು. ವಿದ್ಯುತ್ ಬೀಗಗಳು ತೆರೆಯಬೇಕು. ಲಿಫ್ಟು ನೆಲಮಹಡಿಗೆ ಬರಬೇಕು.

ಹೊಗೆ ಕಂಡದ್ದು ನೆಲಮಹಡಿಯ ಲಿಫ್ಟಿನ ಎದುರಿಗೇ ಆದರೆ? ಆಗ ಲಿಫ್ಟು ನೆಲಮಹಡಿಗೆ ಬರಲೇಬಾರದು, ಮೊದಲೇ ಗೊತ್ತು ಮಾಡಿದ ಬೇರೊಂದು ಮಹಡಿಯಲ್ಲಿ ನಿಲ್ಲಬೇಕು. ಎರಡೂ ಕಡೆ ಇರುವುದು ಒಂದೇ ಬಗೆಯ ಶೋಧಕ. ವ್ಯತ್ಯಾಸವಿರುವುದು ಕೋಷ್ಟಕದ ಒಂದೇ ಒಂದು ಮನೆಯಲ್ಲಿ. ಆ ಒಂದು ಗುರುತಿನಲ್ಲಿ ಲಿಫ್ಟಿನೊಳಗಿರುವವರ ಪ್ರಾಣವಿದೆ.

ಇನ್ನೊಂದು ಉದಾಹರಣೆ. ಬೆಂಕಿ ನಂದಿಸಲು ಅನಿಲ ಬಿಡುವ ಏರ್ಪಾಡು ಇರುವ ಕಂಪ್ಯೂಟರ್ ಕೋಣೆಗಳಲ್ಲಿ ಒಂದೇ ಶೋಧಕದ ಮಾತನ್ನು ನಂಬುವುದಿಲ್ಲ. ಒಂದು ಶೋಧಕ ಹೇಳಿದರೆ ಗಂಟೆ ಮಾತ್ರ. ಎರಡನೆಯದೂ ಹೇಳಿದರೆ ಒಳಗಿದ್ದವರಿಗೆ ಹೊರಬರಲು ಕೆಲವು ಸೆಕೆಂಡುಗಳ ಗಡುವು, ಅನಂತರ ಅನಿಲ. ನ್ಯಾಯಾಲಯದಲ್ಲಿ ಇಬ್ಬರು ಸಾಕ್ಷಿಗಳನ್ನು ಕೇಳಿದ ಹಾಗೆ.

ಇಷ್ಟೆಲ್ಲ ಜಾಣತನದ ನಡುವೆ ಒಂದು ಮಿತಿಯನ್ನು ಮರೆಯಬಾರದು. ಗಂಟೆಯ ತಂತಿ ಕಡಿದುಹೋದರೆ ಪ್ಯಾನಲ್ ತಾನಾಗಿ ದೋಷ ತೋರಿಸುತ್ತದೆ. ತಂತಿಯ ತುದಿಯಲ್ಲಿ ಒಂದು ರೋಧಕವನ್ನಿಟ್ಟು, ಅದರ ಮೂಲಕ ಸದಾ ಒಂದಿಷ್ಟು ವಿದ್ಯುತ್ ಹರಿಸಿ, ಅದು ನಿಂತಿತೇ ಎಂದು ನೋಡುತ್ತಿರುತ್ತದೆ. ಆದರೆ ಕೋಷ್ಟಕದಲ್ಲಿ ತಪ್ಪು ಗುರುತು ಬಿದ್ದಿದ್ದರೆ ಪ್ಯಾನಲಿಗೆ ಅದು ತಪ್ಪೆಂದು ತಿಳಿಯುವುದಿಲ್ಲ. ಕಚೇರಿಯಲ್ಲಿ ಹೊಸ ಅಡ್ಡಗೋಡೆ ಕಟ್ಟಿ ಒಂದು ಕೋಣೆಯನ್ನು ಎರಡು ಮಾಡುತ್ತಾರೆ. ಹೊಸ ಶೋಧಕವನ್ನೂ ಕೂರಿಸುತ್ತಾರೆ. ಕೋಷ್ಟಕದಲ್ಲಿ ಅದರ ಸಾಲನ್ನು ತುಂಬಲು ಮರೆಯುತ್ತಾರೆ. ಆ ಶೋಧಕ ಹೊಗೆ ಕಂಡರೆ ಪ್ಯಾನಲಿನ ಮೇಲೆ ಒಂದು ದೀಪ ಹತ್ತೀತು, ಬೇರೇನೂ ಆಗದು.

ನಮ್ಮ ಕಟ್ಟಡಗಳಲ್ಲಿ

ಈ ದುರಂತಗಳು ದೂರದ ದೇಶದವು ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಬಾಲ್ಕನಿಯನ್ನು ತುಂಬಿತು. 59 ಮಂದಿ ಉಸಿರುಗಟ್ಟಿ ಸತ್ತರು. ಧ್ವನಿವರ್ಧಕದಲ್ಲಿ ಎಚ್ಚರಿಕೆ ಬರಲಿಲ್ಲ, ತುರ್ತು ದೀಪಗಳು ಉರಿಯಲಿಲ್ಲ, ಪ್ರದರ್ಶನ ಕೂಡಲೇ ನಿಲ್ಲಲಿಲ್ಲ ಎಂಬ ಸಂಗತಿಗಳು ನ್ಯಾಯಾಲಯದ ವಿಚಾರಣೆಯಲ್ಲಿ ಹೊರಬಂದವು. ನಮ್ಮ ಬೆಂಗಳೂರಿನಲ್ಲಿಯೇ 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಹಾಡುಹಗಲು, ಕೆಲಸದ ದಿನ; ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು.

ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆ 1983, 2005 ಮತ್ತು 2016ರಲ್ಲಿ ಪರಿಷ್ಕಾರಗೊಂಡಿದೆ; ಅದರ ನಾಲ್ಕನೆಯ ಭಾಗ ಅಗ್ನಿಸುರಕ್ಷತೆಗೇ ಮೀಸಲು. ಎಚ್ಚರಿಕೆ ವ್ಯವಸ್ಥೆಯ ಅಳವಡಿಕೆ, ನಿರ್ವಹಣೆಗಳಿಗೆ ಐಎಸ್ 2189 ಎಂಬ ಭಾರತೀಯ ಮಾನಕವಿದೆ. ಕೊರತೆಯಿರುವುದು ಪರೀಕ್ಷೆಯಲ್ಲಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಪರೀಕ್ಷಕ ಬರುತ್ತಾನೆ, ಶೋಧಕಕ್ಕೆ ಒಂದಿಷ್ಟು ಹೊಗೆ ಊದುತ್ತಾನೆ, ಪ್ಯಾನಲಿನ ದೀಪ ಹತ್ತಿದ್ದನ್ನು ನೋಡುತ್ತಾನೆ, ಪುಸ್ತಕದಲ್ಲಿ ಸರಿಯಿದೆ ಎಂದು ಬರೆದು ಹೋಗುತ್ತಾನೆ. ಕೆಲಸಕ್ಕೆ ಅಡ್ಡಿಯಾಗದಿರಲೆಂದು ಗಂಟೆಯನ್ನೂ ಲಿಫ್ಟಿನ ಸಂಪರ್ಕವನ್ನೂ ಅಷ್ಟು ಹೊತ್ತು ಬಂದ್ ಮಾಡಿರುತ್ತಾರೆ. ಮತ್ತೆ ಜೋಡಿಸುವುದನ್ನು ಮರೆತರೂ ಮರೆತರೇ. ಪರೀಕ್ಷೆಯಾದದ್ದು ಸಂವೇದನೆಯ ನರಕ್ಕೆ ಮಾತ್ರ. ಚಾಲಕ ನರವನ್ನು ಯಾರೂ ಮುಟ್ಟಿ ನೋಡಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನೀವು ಕೆಲಸ ಮಾಡುವ ಕಚೇರಿಯಲ್ಲೋ, ಮಕ್ಕಳು ಓದುವ ಶಾಲೆಯಲ್ಲೋ, ವಾಸದ ಬಹುಮಹಡಿ ಕಟ್ಟಡದಲ್ಲೋ ಇಂಥ ವ್ಯವಸ್ಥೆಯಿದ್ದರೆ, ಗಂಟೆ ಬಾರಿಸಿತೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಲಿಫ್ಟು ಕೆಳಗೆ ಬಂದು ನಿಂತಿತೇ? ಗಾಳಿಯಂತ್ರ ನಿಂತಿತೇ? ಬೀಗ ತೆರೆಯಿತೇ? ಕೊನೆಯ ಮಹಡಿಯ ಕೊನೆಯ ಕೋಣೆಯಲ್ಲಿದ್ದವರಿಗೆ ಕೇಳಿಸಿತೇ? ಆ ಕೋಷ್ಟಕದ ಒಂದು ಪ್ರತಿ ಯಾರ ಬಳಿ ಇದೆ, ಕಟ್ಟಡದಲ್ಲಿ ಬದಲಾವಣೆಯಾದಾಗ ಅದನ್ನು ತಿದ್ದಿದವರು ಯಾರು ಎಂದು ವಿಚಾರಿಸಿ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಬಾಸ್ಟನ್ನಿನ ವೈದ್ಯ ನಗರಕ್ಕೆ ನರಮಂಡಲವೊಂದನ್ನು ಕಲ್ಪಿಸಿದ. ಅದರ ಕಣ್ಣು ಮೂಗುಗಳು ಇಂದು ಮನುಷ್ಯನಿಗಿಂತ ಚುರುಕಾಗಿವೆ. ಆದರೆ ಕೈ ಏನು ಮಾಡಬೇಕೆಂಬುದನ್ನು ಇಂದಿಗೂ ಮನುಷ್ಯನೇ, ಬೆಂಕಿಯಿಲ್ಲದ ಒಂದು ಶಾಂತ ದಿನದಲ್ಲಿ ಕುಳಿತು, ಯೋಚಿಸಿ ಬರೆಯಬೇಕು. ಬಾವಿ ತೋಡುವ ಕಾಲ ಅದೇ.